ಜೀಪಿನ ಎಂಜಿನ್ನಿಗೆ ಕಡಿವಾಣ

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗಿನ ಅವಧಿಯಲ್ಲಿ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಆ ಪುಟ್ಟ ವಾಹನದಲ್ಲಿ ಅನಾವಶ್ಯಕವಾದುದೊಂದೂ ಇರಲಿಲ್ಲ. ಬಾಗಿಲುಗಳಿಲ್ಲ, ಗಟ್ಟಿ ಚಾವಣಿಯಿಲ್ಲ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೆಂಬುದನ್ನು ತೋರಿಸುವ ಮಾಪಕವೂ ಇಲ್ಲ. ಹೀಗಿದ್ದರೂ ಡ್ಯಾಶ್‌ಬೋರ್ಡಿನ ಮೇಲೆ ಅಕ್ಷರಗಳನ್ನೊತ್ತಿದ ಲೋಹದ ತಗಡೊಂದನ್ನು ತಪ್ಪದೆ ಬಿಗಿಯಲಾಗುತ್ತಿತ್ತು. ಯಾವ ಗೇರಿನಲ್ಲಿ ಎಷ್ಟು ವೇಗವನ್ನು ಮೀರಕೂಡದೆಂಬ ಆಜ್ಞೆ ಅದರ ಮೇಲಿತ್ತು. ಸಾಮಾನ್ಯ ಶ್ರೇಣಿಯಲ್ಲಿ ಮೂರನೆಯ ಗೇರಿಗೆ ಗಂಟೆಗೆ 65 ಮೈಲಿ, ಎರಡನೆಯದಕ್ಕೆ 41, ಮೊದಲನೆಯದಕ್ಕೆ 24. ಕಡಿದಾದ ಹಾದಿಗೆಂದು ಇಟ್ಟಿರುವ ಕೆಳಶ್ರೇಣಿಯಲ್ಲಿ ಅನುಕ್ರಮವಾಗಿ 33, 21 ಮತ್ತು 12. ಕಿಲೋಮೀಟರುಗಳಲ್ಲಿ ಹೇಳುವುದಾದರೆ 105, 66, 39. ಆಮೇಲೆ 53, 34, 19.

ಗುಂಡಿನ ಮಳೆಯ ನಡುವೆ ನುಗ್ಗಬೇಕಾದ ವಾಹನಕ್ಕೆ ಈ ನಿಬಂಧನೆ ಏಕೆ ಬೇಕಾಯಿತು? ಆ ಆರು ಅಂಕಿಗಳನ್ನು ಗೇರುಗಳ ಹಲ್ಲಿನ ಲೆಕ್ಕದೊಡನೆ ಹೊಂದಿಸಿ ನೋಡಿದರೆ ಉತ್ತರ ದೊರೆಯುತ್ತದೆ. ಆರೂ ಸಂದರ್ಭಗಳಲ್ಲಿ ಎಂಜಿನ್ನಿನ ಗತಿ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ: ನಿಮಿಷಕ್ಕೆ 4000 ಸುತ್ತುಗಳಿಗಿಂತ ತುಸು ಕೆಳಗೆ. ಆ ಎಂಜಿನ್ ತನ್ನ ಪೂರ್ಣ 60 ಅಶ್ವಶಕ್ತಿಯನ್ನು ನೀಡುತ್ತಿದ್ದುದು 4000 ಸುತ್ತುಗಳಲ್ಲಿ. ಅದರಾಚೆಗೆ ಲಾಭವಿಲ್ಲ, ಅಪಾಯ ಮಾತ್ರ ಇದೆ. ಕ್ಲಚ್ ಬಿಟ್ಟು ಗೇರು ಕೂಡಿರುವಾಗ ಚಕ್ರಕ್ಕೂ ಎಂಜಿನ್ನಿಗೂ ಬಿಡಿಸಲಾಗದ ನಂಟಿರುವುದರಿಂದ, ಆ ತಗಡು ಸಾಧಾರಣ ವೇಗಮಾಪಕವನ್ನೇ ಎಂಜಿನ್ನಿನ ಸುತ್ತುಗಳನ್ನು ಎಣಿಸುವ ಮಾಪಕವನ್ನಾಗಿ ಮಾರ್ಪಡಿಸುತ್ತಿತ್ತು. ಅಗ್ಗದ ಉಪಾಯವೇ ಸರಿ; ಆದರೆ ಇದಕ್ಕಿಂತ ಜಾಣತನದ ಉಪಾಯ ದುರ್ಲಭ.

ಮಿತಿಮೀರಿ ತಿರುಗಿದ ಎಂಜಿನ್ ಏಕೆ ಒಡೆಯುತ್ತದೆಂಬುದನ್ನು ಮೊದಲು ತಿಳಿಯಬೇಕು. ಶಾಖವೇ ಇದಕ್ಕೆ ಕಾರಣವೆಂಬ ನಂಬಿಕೆ ಸಾಮಾನ್ಯವಾಗಿದೆ. ಶಾಖದಿಂದಾಗುವ ಹಾನಿಗೆ ಸ್ವಲ್ಪ ಸಮಯ ಬೇಕು. ಅತಿವೇಗದ ಹಾನಿಗೆ ಕ್ಷಣಗಳು ಸಾಕು. ಇಲ್ಲಿನ ನಿಜವಾದ ವೈರಿ ಜಡತ್ವ. ಪಿಸ್ಟನ್ ಸಿಲಿಂಡರಿನೊಳಗೆ ಮೇಲೇರಿ, ತುತ್ತತುದಿಯಲ್ಲಿ ಕ್ಷಣಕಾಲ ನಿಂತು, ಮರಳಿ ಕೆಳಗಿಳಿಯುತ್ತದೆ. ಮೇಲಕ್ಕೆ ಹಾರುತ್ತಿರುವ ಆ ಲೋಹದ ತುಂಡನ್ನು ತಡೆದು ಕೆಳಗೆಳೆಯುವ ಕೆಲಸ ಕನೆಕ್ಟಿಂಗ್ ರಾಡಿನದು. ವಿಲ್ಲಿಸ್ ಜೀಪಿನ ಎಂಜಿನ್ನಿನಲ್ಲಿ ಪಿಸ್ಟನ್ನಿನ ಓಟ ಸುಮಾರು 111 ಮಿಲಿಮೀಟರು. ನಿಮಿಷಕ್ಕೆ 4000 ಸುತ್ತಿನಲ್ಲಿ, ಮೇಲ್ತುದಿಯಲ್ಲಿ ಅದರ ಮೇಲಾಗುವ ವೇಗೋತ್ಕರ್ಷ ಗುರುತ್ವದ ಸುಮಾರು 1200 ಪಟ್ಟು. ಪಿಸ್ಟನ್, ಪಿನ್ನು, ರಿಂಗುಗಳೆಲ್ಲ ಸೇರಿ ಅರ್ಧ ಕಿಲೋಗ್ರಾಂ ಎಂದಿಟ್ಟುಕೊಂಡರೆ, ಆ ರಾಡನ್ನು ಪ್ರತಿ ಸುತ್ತಿಗೂ ಸುಮಾರು 600 ಕಿಲೋಗ್ರಾಂ ಭಾರವೊಂದು ಜಗ್ಗಿದಂತಾಗುತ್ತದೆ.

ಈ ಜಗ್ಗಾಟ ಗತಿಯ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆಂಬುದು ಪ್ರೌಢಶಾಲೆಯ ಭೌತಶಾಸ್ತ್ರ ಓದಿದವರಿಗೆಲ್ಲ ತಿಳಿದ ವಿಷಯ. ತಿಳಿದಿರುವುದು ಬೇರೆ, ಅದರ ಅರ್ಥವನ್ನು ಮನಗಾಣುವುದು ಬೇರೆ. 4000ದ ಬದಲು 5800 ಸುತ್ತಾದರೆ ಗತಿ ಒಂದೂವರೆ ಪಟ್ಟಿಗಿಂತಲೂ ಕಡಿಮೆಯೇ ಹೆಚ್ಚಿದಂತಾಯಿತು. ಆದರೆ ರಾಡಿನ ಮೇಲಿನ ಎಳೆತ ಎರಡು ಪಟ್ಟನ್ನು ದಾಟಿ, 600 ಕಿಲೋಗ್ರಾಮಿನಿಂದ ಸುಮಾರು 1300ಕ್ಕೆ ಏರುತ್ತದೆ. ಸಂಕೋಚನದ ತುದಿಯಲ್ಲಿ ಮೇಲಿರುವ ಅನಿಲದ ಒತ್ತಡವೇ ಪಿಸ್ಟನ್ನನ್ನು ತಡೆದು ರಾಡಿಗೆ ಆಸರೆಯಾಗುತ್ತದೆ. ಹೊಗೆಯನ್ನು ಹೊರದಬ್ಬುವ ಹೊಡೆತದ ತುದಿಯಲ್ಲಿ ಆ ಆಸರೆಯೂ ಇಲ್ಲ. ಇಡೀ ಎಳೆತವನ್ನು ರಾಡಿನ ಕೆಳತುದಿಯ ಎರಡು ಬೋಲ್ಟುಗಳು ಹೊರಬೇಕು. ಅವು ಕೂದಲೆಳೆಯಷ್ಟು ಹಿಗ್ಗಿದರೂ ಬೇರಿಂಗು ಸಡಿಲವಾಗುತ್ತದೆ, ಸಡಿಲವಾದುದು ಬಡಿಯತೊಡಗುತ್ತದೆ, ಬಡಿದ ಬೋಲ್ಟು ಒಂದು ದಿನ ತುಂಡಾಗುತ್ತದೆ. ಆಗ ರಾಡು ಎಂಜಿನ್ನಿನ ಒಡಲನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಇಂಥ ಒಡಕು ಬಹುಮಟ್ಟಿಗೆ ಅತಿವೇಗ ಸಂಭವಿಸಿದ ದಿನವೇ ಆಗುವುದಿಲ್ಲ. ವಾರಗಳ ತರುವಾಯ, ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ, ಆ ದಿನ ಏನೂ ತಪ್ಪು ಮಾಡದ ಚಾಲಕನ ಕೈಯಲ್ಲಿ ಅದು ಸಂಭವಿಸುವುದುಂಟು. ದೂರು ಅವನ ಪಾಲಿಗೆ ಬರುತ್ತದೆ.

ಇದಲ್ಲದೆ ವಾಲ್ವುಗಳ ತೊಂದರೆಯೊಂದಿದೆ. ವಾಲ್ವನ್ನು ತೆರೆಯುವುದು ಕ್ಯಾಮು, ಮುಚ್ಚುವುದು ಸ್ಪ್ರಿಂಗು. ಗತಿ ಮಿತಿಮೀರಿದಾಗ ಸ್ಪ್ರಿಂಗಿಗೆ ಕ್ಯಾಮನ್ನು ಹಿಂಬಾಲಿಸುವಷ್ಟು ವೇಳೆ ಸಿಗದೆ ವಾಲ್ವು ಗಾಳಿಯಲ್ಲಿ ತೇಲುತ್ತದೆ. ಹಳೆಯ ವಿಲ್ಲಿಸ್ ಎಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದುವು. ತೇಲಿದರೂ ಪಿಸ್ಟನ್ನಿಗೆ ತಾಗುತ್ತಿರಲಿಲ್ಲ. ಆ ಹಳೆಯ ವಿನ್ಯಾಸ ಎಷ್ಟೋ ಅವಿವೇಕಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಡೀಸೆಲ್ ಎಂಜಿನ್ನಿನಲ್ಲಿ ವಾಲ್ವು ಪಿಸ್ಟನ್ನಿನ ನೆತ್ತಿಯ ಮೇಲೆಯೇ ಇರುತ್ತದೆ. ಹೆಚ್ಚಿನ ಸಂಕೋಚನ ಬೇಕಾದ್ದರಿಂದ ಅವೆರಡರ ನಡುವಣ ಎಡೆಯೂ ಅತ್ಯಲ್ಪ. ಅಲ್ಲಿ ವಾಲ್ವು ತೇಲಿತೆಂದರೆ ಪಿಸ್ಟನ್ನಿನ ಪೆಟ್ಟು ತಿಂದು ಬಾಗಿತೆಂದೇ ತಿಳಿಯಬೇಕು.

ಡಾಂಬರು ರಸ್ತೆಯ ಮೋಟಾರಿಗಿಂತ ಕಾಡುದಾರಿಯ ಜೀಪಿಗೆ ಈ ಭಯ ಹೆಚ್ಚು. ಕೆಸರಿನಲ್ಲಿ ಹೂತ ಚಕ್ರ ಹಿಡಿತ ತಪ್ಪಿ ಒಮ್ಮೆಲೇ ತಿರುಗತೊಡಗಿದರೆ ಎಂಜಿನ್ನಿನ ಹೊರೆ ಕ್ಷಣಾರ್ಧದಲ್ಲಿ ಇಳಿದುಹೋಗುತ್ತದೆ. ದಿಣ್ಣೆ ಹಾರಿದಾಗ ಚಕ್ರಗಳು ನೆಲ ಬಿಡುತ್ತವೆ. ಕುಲುಕಾಟದಲ್ಲಿ ಚಾಲಕನ ಪಾದ ಆಕ್ಸಿಲರೇಟರನ್ನು ತಾನೇ ತಾನಾಗಿ ತುಳಿದುಬಿಡುತ್ತದೆ. ಇವೆಲ್ಲ ಇಂಧನದಿಂದ ಬರುವ ಅತಿವೇಗಗಳು: ಎಂಜಿನ್ನಿಗೆ ಬೇಕಾದುದಕ್ಕಿಂತ ಹೆಚ್ಚು ಆಹಾರ ಸಿಕ್ಕಿದೆ, ಕೆಲಸ ಕಡಿಮೆಯಾಗಿದೆ. ಇದಕ್ಕಿಂತ ಭಿನ್ನವಾದ ಇನ್ನೊಂದು ಬಗೆಯಿದೆ. ಇಳಿಜಾರಿನಲ್ಲಿ ಎಂಜಿನ್ ಚಕ್ರಗಳನ್ನು ತಿರುಗಿಸುವುದಿಲ್ಲ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆ ಶಕ್ತಿ ಪೆಟ್ರೋಲಿನದಲ್ಲ, ಬೆಟ್ಟದ್ದು. ಈ ಎರಡು ಬಗೆಗಳ ವ್ಯತ್ಯಾಸವನ್ನು ಅರಿಯದೆ ಮಾಡಿದ ರಕ್ಷಣೋಪಾಯ ಅರ್ಧ ರಕ್ಷಣೆಯಷ್ಟೆ.

ಮೊದಲನೆಯ ಬಗೆಗೆ ಮದ್ದು ಬಹಳ ಹಿಂದೆಯೇ ದೊರೆತಿದೆ. ಅದು ಗವರ್ನರ್, ಎಂದರೆ ವೇಗನಿಯಂತ್ರಕ. ಗಾಳಿಗಿರಣಿಗಳಲ್ಲಿ ಬೀಸುವ ಕಲ್ಲುಗಳ ಅಂತರವನ್ನು ಹೊಂದಿಸಲು ಬಳಕೆಯಲ್ಲಿದ್ದ ಒಂದು ಸಾಧನವನ್ನು ಜೇಮ್ಸ್ ವಾಟ್ 1788ರಲ್ಲಿ ತನ್ನ ಉಗಿಯಂತ್ರಕ್ಕೆ ಅಳವಡಿಸಿದ. ತಿರುಗುವ ಕಂಬಕ್ಕೆ ಎರಡು ಗುಂಡುಗಳನ್ನು ತೂಗಬಿಟ್ಟಿರುತ್ತಾರೆ. ಯಂತ್ರ ವೇಗ ಹೆಚ್ಚಿಸಿಕೊಂಡಾಗ ಕೇಂದ್ರಾಪಗಾಮಿ ಬಲದಿಂದ ಗುಂಡುಗಳು ದೂರ ಸರಿಯುತ್ತವೆ, ಅವು ಸರಿದಾಗ ಸನ್ನೆಕೋಲೊಂದು ಉಗಿಯ ದ್ವಾರವನ್ನು ಕಿರಿದುಗೊಳಿಸುತ್ತದೆ, ವೇಗ ತಗ್ಗುತ್ತದೆ. ಯಂತ್ರದ ಅತಿರೇಕವೇ ಯಂತ್ರಕ್ಕೆ ಲಗಾಮಾಗುವ ಈ ಏರ್ಪಾಟು ಎಷ್ಟು ಸರಳವೋ ಅಷ್ಟೇ ತುಂಟತನದ್ದು. ಕೆಲವು ನಿಯಂತ್ರಕಗಳು ವೇಗವನ್ನು ಸ್ಥಿರವಾಗಿಡುವ ಬದಲು ಏರಿಸುತ್ತ ಇಳಿಸುತ್ತ ಓಲಾಡುವುದು ಏಕೆಂಬುದನ್ನು ಗಣಿತದಿಂದ ಬಿಡಿಸಿಟ್ಟವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಅವನ ಆ ಪ್ರಬಂಧ 1868ರಲ್ಲಿ ಪ್ರಕಟವಾಯಿತು. ಸ್ಪ್ರಿಂಗು ಸವೆದ ಹಳೆಯ ಡೀಸೆಲ್ ಜೀಪು ನಿಂತಲ್ಲಿಯೇ ‘ಗುರ್ ಗುರ್’ ಎಂದು ಏರಿಳಿಯುವುದನ್ನು ಕೇಳಿದವರು ಮ್ಯಾಕ್ಸ್‌ವೆಲ್ ಎದುರಿಸಿದ ಪ್ರಶ್ನೆಯನ್ನೇ ಕೇಳಿದ್ದಾರೆ.

ಯುದ್ಧ ಮುಗಿದ ವರ್ಷ, 1945ರಲ್ಲಿ, ವಿಲ್ಲಿಸ್ ಸಂಸ್ಥೆ ನಾಗರಿಕರಿಗಾಗಿ ಸಿಜೆ-2ಎ ಎಂಬ ಜೀಪನ್ನು ಹೊರತಂದಿತು. ಅದನ್ನು ಮುಖ್ಯವಾಗಿ ರೈತರಿಗೆ ಮಾರಬೇಕೆಂಬುದು ಸಂಸ್ಥೆಯ ಉದ್ದೇಶ. ಜೀಪಿನಿಂದಲೇ ಗರಗಸವನ್ನೂ ಒಕ್ಕುವ ಯಂತ್ರವನ್ನೂ ತಿರುಗಿಸಬಹುದಾಗಿತ್ತು. ಮರದ ದಿಮ್ಮಿ ತುಂಡಾದ ಕ್ಷಣದಲ್ಲಿ ಗರಗಸದ ಹೊರೆ ಇಲ್ಲವಾಗಿ ಎಂಜಿನ್ ಹುಚ್ಚೆದ್ದು ತಿರುಗದಂತೆ, ಬೇಕೆಂದವರಿಗೆ ಬೆಲ್ಟಿನಿಂದ ತಿರುಗುವ ಗವರ್ನರನ್ನೂ ಒದಗಿಸುತ್ತಿದ್ದರು. ಪೆಟ್ರೋಲ್ ಜೀಪಿಗೆ ಇದು ಬೇಕಾದರೆ ಉಂಟು, ಬೇಡವಾದರೆ ಇಲ್ಲ ಎಂಬಂತಹ ಉಪಕರಣ. ಡೀಸೆಲ್ ಎಂಜಿನ್ನಿಗೆ ಹಾಗಲ್ಲ. ಪೆಟ್ರೋಲ್ ಎಂಜಿನ್ನಿಗೆ ಗಾಳಿಯ ಬಾಗಿಲು ಕಿರಿದಾಗಿರುವಷ್ಟೂ ಉಸಿರು ಕಡಿಮೆ. ಸುಮಾರು ಡೀಸೆಲ್ ಎಂಜಿನ್ನುಗಳು ಗಾಳಿಯನ್ನು ತಡೆಯಿಲ್ಲದೆ ಎಳೆದುಕೊಳ್ಳುತ್ತವೆ. ಹೊರೆಯಿಲ್ಲದಾಗ ಎಣ್ಣೆ ತುಸು ಹೆಚ್ಚಾಗಿ ಬಿದ್ದರೂ ಅವು ಓಡತೊಡಗುತ್ತವೆ. ಆದ್ದರಿಂದ ಗವರ್ನರ್ ಇಲ್ಲದ ಡೀಸೆಲ್ ಎಂಜಿನ್ ಇಲ್ಲವೆಂದೇ ಹೇಳಬೇಕು. ಎಣ್ಣೆಯ ಪಂಪಿನೊಳಗೆ ಪುಟ್ಟ ತೂಕಗಳು ತಿರುಗುತ್ತ, ಮಿತಿ ಸಮೀಪಿಸಿದೊಡನೆ ಹಲ್ಲುಕಂಬಿಯನ್ನು ಹಿಂದೆಳೆದು ಎಣ್ಣೆಯನ್ನು ಕಡಿಮೆ ಮಾಡುತ್ತವೆ. 1950ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿದ ಮೈಕೋ ಕಾರ್ಖಾನೆಯ ಹೆಸರು ನಾಡಿನ ಚಾಲಕರಿಗೆಲ್ಲ ಪರಿಚಿತವಾದುದು ಈ ಪಂಪುಗಳಿಂದಲೇ.

ಇಂಥ ಪಂಪಿನ ಮೇಲೆ ಪರಮಾವಧಿ ವೇಗವನ್ನು ನಿಗದಿಪಡಿಸುವ ತಿರುಪೊಂದಿರುತ್ತದೆ. ಅದಕ್ಕೆ ತಂತಿ ಸುತ್ತಿ ಮೊಹರು ಹಾಕಿರುತ್ತಾರೆ. ಗಾಡಿ ‘ಎಳೆಯುವುದಿಲ್ಲ’ ಎಂದು ದೂರುವ ಮಾಲೀಕನ ಸಮಾಧಾನಕ್ಕಾಗಿ ಆ ಮೊಹರನ್ನು ಒಡೆದು ತಿರುಪನ್ನು ಎರಡು ಸುತ್ತು ತಿರುಗಿಸಿಕೊಡುವ ಮೇಸ್ತ್ರಿಗಳಿಗೆ ಕೊರತೆಯಿಲ್ಲ. ಎಳೆತ ಅದರಿಂದ ಹೆಚ್ಚುವುದಿಲ್ಲ. ಗತಿಯ ಎಲ್ಲೆ ಮಾತ್ರ ದೂರ ಸರಿಯುತ್ತದೆ. ಹಳೆಯ ಕೆಲವು ಎಂಜಿನ್ನುಗಳಲ್ಲಿ ತೂಕಗಳ ಬದಲು ಗಾಳಿಯ ಎಳೆತದಿಂದ ನಡೆಯುವ ಗವರ್ನರ್ ಇತ್ತು. ಅವುಗಳಲ್ಲಿ ಮಾತ್ರ ಗಾಳಿಯ ದಾರಿಗೆ ಬಾಗಿಲುಂಟು. ಎಂಜಿನ್ ವೇಗವಾದಂತೆ ಆ ದಾರಿಯ ನಿರ್ವಾತ ಹೆಚ್ಚಿ, ಡಯಾಫ್ರಮ್ ಎಂಬ ತೆಳ್ಳನೆಯ ಪಟಲ ಹಲ್ಲುಕಂಬಿಯನ್ನು ಹಿಂದಕ್ಕೆ ಸೆಳೆಯುತ್ತದೆ. ಪಟಲ ಹರಿದರೆ, ಅಥವಾ ಅದಕ್ಕೆ ಹೋಗುವ ಕೊಳವೆ ಕಳಚಿದರೆ, ಸ್ಪ್ರಿಂಗು ಹಲ್ಲುಕಂಬಿಯನ್ನು ಪೂರ್ಣ ಎಣ್ಣೆಯ ಕಡೆಗೆ ದೂಡುತ್ತದೆ. ಕಾವಲುಗಾರನೇ ಬಾಗಿಲು ತೆರೆದಂತೆ! ಸಣ್ಣ ಪಟಲದ ಬೆಲೆ ನೋಡಿ ಅದನ್ನು ಬದಲಿಸಲು ಹಿಂಜರಿಯುವುದು ಸಲ್ಲದು.

ಇತ್ತೀಚಿನ ವಾಹನಗಳಲ್ಲಿ ಈ ಕಾವಲನ್ನು ವಿದ್ಯುನ್ಮಾನ ಸಾಧನ ವಹಿಸಿಕೊಂಡಿದೆ. ಕ್ರ್ಯಾಂಕಿನ ಪ್ರತಿ ಸುತ್ತನ್ನೂ ಎಣಿಸಿ, ಎಲ್ಲೆ ತಲುಪಿದೊಡನೆ ಕಿಡಿಯನ್ನೋ ಇಂಧನವನ್ನೋ ಅದು ತುಂಡರಿಸುತ್ತದೆ. ತೂಕ ಮತ್ತು ಸ್ಪ್ರಿಂಗುಗಳಿಗಿಂತ ಇದು ಬಹಳ ಚುರುಕು. ಬಾಡಿಗೆ ಮತ್ತು ಸರಕು ವಾಹನಗಳಿಗೆ ಜೋಡಿಸುವ ‘ಸ್ಪೀಡ್ ಗವರ್ನರ್’ ಬೇರೆ, ಇದು ಬೇರೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಅದು ನೋಡುವುದು ವಾಹನದ ವೇಗವನ್ನು. ಗಂಟೆಗೆ 80 ಕಿಲೋಮೀಟರಿಗೆ ಕಟ್ಟಿದ ಅಂಥ ಸಾಧನ, ಕೆಳಶ್ರೇಣಿಯ ಮೊದಲ ಗೇರಿನಲ್ಲಿ 19 ಕಿಲೋಮೀಟರಿಗೇ ಮಿತಿ ಮುಟ್ಟುವ ಎಂಜಿನ್ನನ್ನು ಕಾಯಲಾರದು.

ಇನ್ನು ಎರಡನೆಯ ಬಗೆ. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿದ ಮೇಲೆ ಈ ವಾಹನ ಮಲೆನಾಡಿನ ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ಮನೆಯ ಎತ್ತಿನಂತಾಯಿತು. ಸಕಲೇಶಪುರ, ಮೂಡಿಗೆರೆ, ಮಡಿಕೇರಿಗಳ ತೋಟದ ದಾರಿಗಳಲ್ಲಿ ಜೀಪು ಏರುವುದೆಷ್ಟೋ ಇಳಿಯುವುದೂ ಅಷ್ಟೆ. ಮಡಿಕೇರಿಯ ಬಳಿಯ ಮಾಂದಲಪಟ್ಟಿಗೆ ಪ್ರವಾಸಿಗಳನ್ನು ಕರೆದೊಯ್ಯುವ ಬಾಡಿಗೆ ಜೀಪುಗಳ ಸ್ಥಿತಿಯೂ ಇದೇ. ಏರುವಾಗ ಎಂಜಿನ್ ಕಷ್ಟಪಡುತ್ತಿದೆಯೆಂದು ಎಲ್ಲರಿಗೂ ಕೇಳಿಸುತ್ತದೆ, ಎಲ್ಲರೂ ಕನಿಕರಪಡುತ್ತಾರೆ. ಆದರೆ ಏರಿನಲ್ಲಿ ಹೊರೆಯೇ ಎಂಜಿನ್ನನ್ನು ಹತೋಟಿಯಲ್ಲಿಡುತ್ತದೆ. ಅದು ಸಾಯುವುದು ಇಳಿಯುವಾಗ.

ಒಂದು ಉದಾಹರಣೆಯನ್ನು ನೋಡಬಹುದು. ಕಡಿದಾದ ಇಳಿಜಾರಿನಲ್ಲಿ ಚಾಲಕ ವಿವೇಕದಿಂದಲೇ ಕೆಳಶ್ರೇಣಿಯ ಮೊದಲ ಗೇರನ್ನು ಹಾಕಿದ್ದಾನೆ. ಜೀಪು ನಡೆಯುವ ಮನುಷ್ಯನ ವೇಗದಲ್ಲಿ ಇಳಿಯುತ್ತದೆ. ಬ್ರೇಕಿನ ಅಗತ್ಯವೇ ಇಲ್ಲ. ಅರ್ಧ ದಾರಿಯಲ್ಲಿ ಬೇಸರವಾಗಿಯೋ, ಹಿಂದಿನ ಗಾಡಿಯ ಹಾರನ್ನಿಗೆ ಬೆದರಿಯೋ, ಕ್ಲಚ್ ತುಳಿದು ಜೀಪನ್ನು ಉರುಳಲು ಬಿಡುತ್ತಾನೆ. ವೇಗಮಾಪಕ 30ಕ್ಕೆ ಬರುತ್ತದೆ. ಅದೇನು ದೊಡ್ಡ ವೇಗವೇ? ಸೈಕಲ್ ಸವಾರನೂ ಇಳಿಜಾರಿನಲ್ಲಿ ಆ ವೇಗವನ್ನು ಮುಟ್ಟುತ್ತಾನೆ. ಮುಂದಿನ ತಿರುವನ್ನು ಕಂಡು ಚಾಲಕ ಕ್ಲಚ್ ಬಿಟ್ಟೊಡನೆ ಎಂಜಿನ್ ನಿಮಿಷಕ್ಕೆ 5800 ಸುತ್ತಿಗೆ ಜಿಗಿಯುತ್ತದೆ. ಕಾಲು ಆಕ್ಸಿಲರೇಟರಿನ ಮೇಲಿಲ್ಲ. ಗವರ್ನರ್ ಎಣ್ಣೆಯನ್ನು ಪೂರ್ತಿ ನಿಲ್ಲಿಸಿದೆ. ಕೀಲಿ ತಿರುಗಿಸಿ ಆರಿಸಿದರೂ ಎಂಜಿನ್ ತಿರುಗುತ್ತಲೇ ಇರುತ್ತದೆ, ಏಕೆಂದರೆ ಅದನ್ನು ತಿರುಗಿಸುತ್ತಿರುವುದು ಒಂದು ಟನ್ನಿಗೂ ಹೆಚ್ಚು ತೂಕದ ಜೀಪು. ಪೆಟ್ರೋಲ್ ಎಂಜಿನ್ನಾದರೆ ಗಾಳಿಯ ಬಾಗಿಲು ಮುಚ್ಚಿರುವುದರಿಂದ ಸಂಕೋಚನದ ಅನಿಲವೂ ಸ್ವಲ್ಪವೇ. ಹಿಂದೆ ಹೇಳಿದ ಆಸರೆ ಆಗ ಇನ್ನೂ ಕಡಿಮೆ.

ಕ್ಲಚ್ಚನ್ನು ಬಿಡದೆ ತುಳಿದೇ ಹಿಡಿದರೆ ಪಾರಾಗಬಹುದೆಂಬ ಎಣಿಕೆಯೂ ಸುಳ್ಳು. ಎಂಜಿನ್ ಆಗ ನೆಮ್ಮದಿಯಿಂದಿರುತ್ತದೆ, ನಿಜ. ಆದರೆ ಕ್ಲಚ್ಚಿನ ತಟ್ಟೆ ಗೇರುಪೆಟ್ಟಿಗೆಯ ದಂಡಕ್ಕೆ ಸೇರಿದ್ದು. ಗೇರು ಕೂಡಿರುವವರೆಗೆ ಅದು ಚಕ್ರಗಳ ಲೆಕ್ಕದಲ್ಲಿಯೇ ತಿರುಗುತ್ತದೆ. ಕೆಳಶ್ರೇಣಿಯ ಮೊದಲ ಗೇರಿನಲ್ಲಿ 50 ಕಿಲೋಮೀಟರಿಗೆ ಉರುಳಿದ ಜೀಪಿನ ಕ್ಲಚ್ ತಟ್ಟೆ ನಿಮಿಷಕ್ಕೆ 9000 ಸುತ್ತುಗಳನ್ನು ಮೀರಿರುತ್ತದೆ. ಅಷ್ಟರಲ್ಲಿ ತಟ್ಟೆಯ ಮೇಲಿನ ಲೈನಿಂಗು ಸಿಡಿದು ಚೂರಾಗುವ ಸಂಭವವಿದೆ. ಚೂರುಗಳು ಸಿಡಿಯುವುದು ಚಾಲಕನ ಕಾಲುಗಳ ಸಮೀಪದಲ್ಲಿ. ಎಂಜಿನ್ ಒಂದಿಷ್ಟೂ ಸದ್ದು ಮಾಡದೆ ಇರುವಾಗಲೇ ಇದು ನಡೆಯುವುದರಿಂದ ಎಚ್ಚರಿಕೆಯ ದನಿಯೂ ಸಿಗುವುದಿಲ್ಲ.

ಆದುದರಿಂದ ಇಳಿಜಾರಿನ ರಕ್ಷಣೆಯನ್ನು ಇಳಿಜಾರು ತೊಡಗುವ ಮುನ್ನವೇ ಮಾಡಿಕೊಳ್ಳಬೇಕು. ಶ್ರೇಣಿಯನ್ನು ಬದಲಿಸುವುದಾದರೆ ನೆತ್ತಿಯ ಮೇಲೆ, ಜೀಪು ನಿಂತಿರುವಾಗ. ಹಳೆಯ ಮೂರು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರು ಓಟದಲ್ಲಿ ಸುಲಭವಾಗಿ ಕೂಡುವಂಥದಲ್ಲ; ಅದು ಕಿರಿಚಿಕೊಂಡು ಪ್ರತಿಭಟಿಸುವುದು ಚಾಲಕನ ಹಿತಕ್ಕಾಗಿಯೇ ಎಂದು ತಿಳಿಯಬೇಕು. ಗೇರು ಹಾಕಿದ ಮೇಲೂ ಜೀಪು ಮಿತಿಯತ್ತ ಓಡತೊಡಗಿದರೆ ಕ್ಲಚ್ಚನ್ನು ಮುಟ್ಟದೆ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ ವೇಗವನ್ನು ತಗ್ಗಿಸಬೇಕು. ಎಣ್ಣೆ ಉಳಿಸುವ ಆಸೆಯಿಂದ ಘಾಟಿಯಲ್ಲಿ ನ್ಯೂಟ್ರಲಿಗೆ ಹಾಕಿ ಇಳಿಯುವ ಅಭ್ಯಾಸ ಇವೆಲ್ಲಕ್ಕಿಂತ ಕೆಟ್ಟದ್ದು. ಬ್ರೇಕು ಕಾದು ಹಿಡಿತ ಕಳೆದುಕೊಂಡ ಮೇಲೆ ಗೇರಿನ ನೆನಪಾಗುತ್ತದೆ. ಆ ವೇಗದಲ್ಲಿ ಗೇರು ಕೂಡುವುದಿಲ್ಲ, ಕೂಡಿದರೆ ಎಂಜಿನ್ ಉಳಿಯುವುದಿಲ್ಲ. ಜನರು ಕುಳಿತಿರುವ ವಾಹನದಲ್ಲಿ ಅಂಥ ಗಳಿಗೆ ಬಂದೇಬಿಟ್ಟರೆ ಎಂಜಿನ್ನಿನ ಚಿಂತೆಯನ್ನು ಬದಿಗಿಟ್ಟು ಗೇರಿಗೆ ಯತ್ನಿಸಲೇಬೇಕು. ಕಬ್ಬಿಣವನ್ನು ಮತ್ತೆ ಕೊಳ್ಳಬಹುದು.

ಡ್ಯಾಶ್‌ಬೋರ್ಡಿನ ತಗಡಿನ ಬಗ್ಗೆ ಇನ್ನೊಂದು ಮಾತಿದೆ. ಪೆಟ್ರೋಲ್ ದುಬಾರಿಯಾದಂತೆ ನಮ್ಮ ದೇಶದ ಜೀಪುಗಳಿಗೆ ಡೀಸೆಲ್ ಎಂಜಿನ್ ಬಂತು. 1980ರ ದಶಕದಲ್ಲಿ ಪ್ಯೂಜೊ ವಿನ್ಯಾಸದ ಡೀಸೆಲ್ ಎಂಜಿನ್ನುಳ್ಳ ಮಹೀಂದ್ರ ಜೀಪುಗಳು ಪ್ರಚಾರಕ್ಕೆ ಬಂದವು. ಹಳೆಯ ಪೆಟ್ರೋಲ್ ಜೀಪುಗಳಿಗೆ ಬೇರೆಡೆಯಿಂದ ತಂದ ಡೀಸೆಲ್ ಎಂಜಿನ್ನನ್ನು ಕೂಡಿಸುವ ಪದ್ಧತಿಯೂ ಬೆಳೆಯಿತು. ಎಂಜಿನ್ ಬದಲಾದರೂ ಹಳೆಯ ಅಂಕಿಗಳು ಹಾಗೆಯೇ ಉಳಿದವು. ಹೊಸ ಎಂಜಿನ್ನಿನ ಮಿತಿ ನಿಮಿಷಕ್ಕೆ 3000 ಸುತ್ತಾಗಿದ್ದು, ಗೇರುಗಳು ಹಳೆಯವೇ ಆಗಿದ್ದರೆ, ಪ್ರತಿ ಅಂಕಿಯನ್ನೂ ಮುಕ್ಕಾಲಿಗೆ ಇಳಿಸಿ ಓದಬೇಕು: 39 ಇದ್ದುದು 29, 19 ಇದ್ದುದು 14. ಈ ಲೆಕ್ಕವನ್ನು ಮಾಡಿ ಬಣ್ಣದಲ್ಲಿ ಬರೆದಿಡಲು ಮೇಸ್ತ್ರಿಗೆ ಐದು ನಿಮಿಷ ಹಿಡಿಯುವುದಿಲ್ಲ. ವೇಗಮಾಪಕದ ತಂತಿ ಹೊರಡುವುದು ಗೇರುಗಳ ಹಿಂದಿನ ಪೆಟ್ಟಿಗೆಯಿಂದಾದ್ದರಿಂದ, ಜೀಪು ಕೆಸರಿನಲ್ಲಿ ನಿಂತಲ್ಲೇ ಚಕ್ರ ತಿರುಗಿಸುತ್ತಿದ್ದರೂ ಮುಳ್ಳು ನಡುಗುತ್ತ ಮೇಲೇರುತ್ತದೆ. ಆಗಲೂ ಅದೇ ಅಂಕಿಗಳು ಅನ್ವಯಿಸುತ್ತವೆ.

ಕೊನೆಯದಾಗಿ, ಡೀಸೆಲ್ ಎಂಜಿನ್ನಿಗೆ ಮಾತ್ರ ಬರುವ ಒಂದು ಭಯಂಕರ ವ್ಯಾಧಿಯಿದೆ. ಸವೆದ ರಿಂಗುಗಳ ದೆಸೆಯಿಂದಲೋ, ಆಯಿಲನ್ನು ಅಳತೆ ಮೀರಿ ತುಂಬಿದ್ದರಿಂದಲೋ, ಟರ್ಬೊ ಇದ್ದಲ್ಲಿ ಅದರ ಸೀಲು ಒಡೆದೋ, ಜೀಪು ಮಗ್ಗುಲಾಗಿ ಬಿದ್ದಾಗಲೋ ಎಂಜಿನ್ನಿನ ಒಳಗಿನ ಆಯಿಲೇ ಗಾಳಿಯ ದಾರಿಗೆ ಸೇರಿಬಿಡುತ್ತದೆ. ಎಂಜಿನ್ ಅದನ್ನೇ ಸುಟ್ಟು ಓಡತೊಡಗುತ್ತದೆ. ಆ ಇಂಧನ ಪಂಪಿನಿಂದ ಬಂದುದಲ್ಲ. ಗವರ್ನರಿಗೆ ಅದರ ಮೇಲೆ ಅಧಿಕಾರವಿಲ್ಲ. ಕೀಲಿ ತಿರುಗಿಸಿದರೂ, ಆರಿಸುವ ಗುಂಡಿಯನ್ನು ಎಳೆದರೂ ಅದು ನಿಲ್ಲುವುದಿಲ್ಲ. ದಟ್ಟವಾದ ಹೊಗೆ ಕಾರುತ್ತ, ಆಯಿಲು ಮುಗಿಯುವವರೆಗೆ ಅಥವಾ ತಾನೇ ಒಡೆಯುವವರೆಗೆ ವೇಗವನ್ನು ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ. ಚಾಲಕ ಆಸನದಲ್ಲಿದ್ದರೆ ಬ್ರೇಕನ್ನು ಪೂರ್ಣ ಬಲದಿಂದ ತುಳಿದು, ಕೈಬ್ರೇಕನ್ನೂ ಎಳೆದು, ಎಲ್ಲಕ್ಕಿಂತ ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ತಟ್ಟನೆ ಬಿಡಬೇಕು. ಮುಂದೆ ಯಾರೂ ನಿಂತಿರಬಾರದು. ವೇಗ ಇನ್ನೂ ಪರಮಾವಧಿಗೆ ಏರಿಲ್ಲದಿದ್ದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಇಲ್ಲವಾದರೆ ಗಾಳಿಯ ಬಾಯನ್ನು ಗಟ್ಟಿಯಾದ ಹಲಗೆಯಿಂದ ಮುಚ್ಚಬೇಕು. ಅಂಗೈಯಿಂದ ಮುಚ್ಚಲು ಹೋಗಬಾರದು, ಬಟ್ಟೆಯನ್ನು ತುರುಕಿದರೆ ಎಂಜಿನ್ ಅದನ್ನು ಒಳಗೆಳೆದುಕೊಳ್ಳುತ್ತದೆ. ಇಂಗಾಲಾಮ್ಲದ ಅಗ್ನಿಶಾಮಕವಿದ್ದರೆ ಅದನ್ನು ಗಾಳಿಯ ದಾರಿಗೆ ಬಿಡುವುದು ಇನ್ನೂ ಒಳ್ಳೆಯದು. ಗತಿ ಆಗಲೇ ತಾರಕಕ್ಕೇರಿದ್ದರೆ ಎಂಜಿನ್ನಿನ ಸಮೀಪ ಹೋಗದೆ ಎಲ್ಲರನ್ನೂ ದೂರ ಸರಿಸಬೇಕು. ನಿಂತ ಎಂಜಿನ್ನನ್ನು, ಆಯಿಲು ಗಾಳಿಯ ದಾರಿಗೆ ಹೇಗೆ ಬಂತೆಂಬುದನ್ನು ಕಂಡುಹಿಡಿಯುವವರೆಗೆ, ಮತ್ತೆ ಚಾಲೂ ಮಾಡಕೂಡದು.